ಗೊತ್ತಿಲ್ಲ ಎಂದದ್ದು

ನನ್ನ ತಮ್ಮನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ಹೆಚ್ಚೇನೂ ಬೇಕಿರಲಿಲ್ಲ. ‘ಒಳ್ಳೆ ಹುಡುಗ, ನನ್ನ ತಮ್ಮನೇ’ ಎಂದಿದ್ದರೆ ಸಾಕಿತ್ತು. ಹೇಳದೆ ಹನ್ನೊಂದು ವರ್ಷವಾಯಿತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬೇರೆಯವರ ಕೈಯಲ್ಲಿ ಬರೆಸುವ ಹಾಗಿಲ್ಲ.

ಅರಂತೋಡಿನಲ್ಲಿ ಮಡಿಕೇರಿ ರಸ್ತೆಯ ಬದಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಗಂಡ ಹೊರಗೆ ಚಾ ಮಾಡುತ್ತಾರೆ, ನಾನು ಒಳಗೆ ಬನ್ಸು, ನೀರುದೋಸೆ, ಗೋಳಿಬಜೆ. ತವರು ಮನೆ ಅಲ್ಲಿಂದ ಎರಡು ಮೈಲಿ ಒಳಗೆ. ನಾನು ಶಾಲೆ ಬಿಟ್ಟದ್ದು ತಮ್ಮ ಹುಟ್ಟಿದ ವರ್ಷ. ಹೆರಿಗೆಯ ನಂತರ ಅಮ್ಮ ಬಹಳ ದಿನ ಏಳಲಿಲ್ಲ, ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಸೊಂಟದಲ್ಲಿ ಅವನನ್ನು ಕೂರಿಸಿಕೊಂಡು, ಶಾಲೆಗೆ ಹೋಗುವ ಗೆಳತಿಯರನ್ನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ. ಅವನು ಸುಳ್ಯದಲ್ಲಿ ಪಿಯುಸಿ ಮುಗಿಸಿ ಹತ್ತೊಂಬತ್ತನೇ ವಯಸ್ಸಿಗೆ ಏರ್‌ಫೋರ್ಸ್ ಸೇರಿದ.

ನಮ್ಮೂರಿನವರಿಗೆ ಏರ್‌ಫೋರ್ಸ್ ಎಂದರೆ ಪೈಲಟ್. ಇವನು ಪೈಲಟ್ ಅಲ್ಲ. ರಜೆಯಲ್ಲಿ ಬಂದಾಗಲೆಲ್ಲ ಹೋಟೆಲಿನ ಬೆಂಚಿನಲ್ಲಿ ಅದೇ ವಿಚಾರಣೆ.

“ವಿಮಾನ ಬಿಡುದು ನೀನಾ?”

“ಅಲ್ಲ, ಹಿಂದೆ ಕೂತುಕೊಳ್ಳುದು.”

“ಹಿಂದೆ ಕೂತು ಎಂತ ಮಾಡುದು ಮಾರಾಯ? ಚಾ ಕೊಡುದಾ?”

“ಹೌದು, ಇಲ್ಲಿ ಭಾವ ಕೊಡುದಕ್ಕಿಂತ ಬಿಸಿ ಇರ್ತದೆ” ಎಂದು ಅವನೂ ನಗುತ್ತಿದ್ದ.

ಒಂದು ಸಲ ಅಡುಗೆ ಕೋಣೆಯಲ್ಲಿ ನಾನೇ ಕೇಳಿದೆ. “ಅವರಿಗೆ ಹೇಳದಿದ್ದರೆ ಬೇಡ. ನನ್ನ ಹತ್ರ ಹೇಳು, ನಿನ್ನ ಕೆಲಸ ಎಂತ?”

ಅವನು ಬನ್ಸಿನ ಚೂರು ಬಾಯಿಗೆ ಹಾಕಿಕೊಂಡು, “ಹೇಳಿದ್ರೂ ನಿನಗೆ ಅರ್ಥ ಆಗುದಿಲ್ಲ ಅಕ್ಕ, ಬಿಡು” ಎಂದ.

ಅವನಿಗೋಸ್ಕರ ಶಾಲೆ ಬಿಟ್ಟವಳಿಗೆ ಅವನೇ ಹಾಗೆ ಹೇಳಿದ. ಅವನು ರಜೆ ಮುಗಿಸಿ ಹೋದ ಮೇಲೂ ಆ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಅದೇ ರಜೆಯಲ್ಲಿ ಅವನು ಕಡಬದ ಒಂದು ಮದುವೆಗೆ ಹೋಗಿ ಅಲ್ಲಿ ಒಬ್ಬಳು ಹುಡುಗಿಯನ್ನು ನೋಡಿದ್ದ. ಕಡಬದವಳೇ, ಪುತ್ತೂರಿನಲ್ಲಿ ನರ್ಸ್ ಆಗಿದ್ದಳು. ಊಟದ ಸಾಲಿನಲ್ಲಿ ಅರ್ಧ ಗಂಟೆ ಮಾತಾಡಿದ್ದರಂತೆ. ಅವನು ನಾಚಿಕೆ ಬಿಟ್ಟು ಅಮ್ಮನ ಹತ್ತಿರ ತಾನೇ ಹೇಳಿದ, ‘ಅವರ ಮನೆಯಲ್ಲಿ ಕೇಳಿ ನೋಡಿ’ ಎಂದು. ಅದಕ್ಕೆ ಮೊದಲು ಯಾವ ಸಂಬಂಧಕ್ಕೂ ಅವನು ಆಸಕ್ತಿ ತೋರಿಸಿದವನಲ್ಲ.

ನಮ್ಮ ಕಡೆ ಹೆಣ್ಣಿನವರು ಹುಡುಗನ ಮನೆಗೆ ಬರುವ ಮೊದಲು ಹತ್ತಿರದ ಹೋಟೆಲಿಗೋ ಅಂಗಡಿಗೋ ಬಂದು ವಿಚಾರಿಸುತ್ತಾರೆ. ಚಾ ಕುಡಿಯುತ್ತಾರೆ, ಮಳೆಯ ವಿಷಯ ಮಾತಾಡುತ್ತಾರೆ, ಮತ್ತೆ ಮೆಲ್ಲ ಹೆಸರು ತೆಗೆಯುತ್ತಾರೆ. ನಮ್ಮ ಬೆಂಚಿನಲ್ಲಿ ಹೀಗೆ ಎಷ್ಟೋ ಮದುವೆ ಆದದ್ದುಂಟು, ತಪ್ಪಿದ್ದೂ ಉಂಟು. ಹೇಳುವವರಿಗೂ ಒಂದು ಕ್ರಮ ಇದೆ. ಒಳ್ಳೆಯವರಾದರೆ ‘ಕಣ್ಣು ಮುಚ್ಚಿ ಕೊಡಿ’ ಎನ್ನುತ್ತೇವೆ. ಕುಡಿಯುವವನೋ ಜಗಳಗಂಟನೋ ಆದರೆ ಕೆಟ್ಟದ್ದು ಹೇಳುವುದಿಲ್ಲ. ‘ನನಗೆ ಅಷ್ಟು ಗೊತ್ತಿಲ್ಲ’ ಎನ್ನುತ್ತೇವೆ. ಕೇಳಿದವರು ಅರ್ಥ ಮಾಡಿಕೊಂಡು ಎದ್ದು ಹೋಗುತ್ತಾರೆ.

ತಮ್ಮ ರಜೆ ಮುಗಿಸಿ ಹೋದ ಮೇಲೆ ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಬ್ಬರು ಬಂದರು. ಹುಡುಗಿಯ ಮಾವ ಮತ್ತು ಇನ್ನೊಬ್ಬ ಹಿರಿಯರು. ನನ್ನ ಗಂಡ ಸಾಮಾನು ತರಲು ಸುಳ್ಯಕ್ಕೆ ಹೋಗಿದ್ದರು, ಚಾ ನಾನೇ ಕೊಟ್ಟೆ. ಹುಡುಗನಿಗೆ ಮದುವೆಯಾದ ಅಕ್ಕ ಒಬ್ಬಳಿದ್ದಾಳೆ ಎಂದಷ್ಟೇ ಅವರಿಗೆ ಗೊತ್ತು. ಆ ಅಕ್ಕನೇ ಚಾ ಸೋಸುತ್ತಿರುವುದು ಗೊತ್ತಿರಲಿಲ್ಲ.

ಮಾವ ತಮ್ಮನ ಹೆಸರು ಹೇಳಿ, “ಹುಡುಗ ಹೇಗೆ ಅಕ್ಕ? ಏರ್‌ಫೋರ್ಸಲ್ಲಿ ಅಂತಾರೆ, ಕೆಲಸ ಎಂತ ಅಂತ ಕೇಳಿದ್ರೆ ಬಾಯಿ ಬಿಡುದಿಲ್ಲವಂತೆ. ನಿಜವಾಗಿ ಉಂಟಾ ಆ ಕೆಲಸ?” ಎಂದು ಕೇಳಿದರು.

ನನ್ನ ಬಾಯಿಯಲ್ಲಿ ಉತ್ತರ ಇತ್ತು. ಅದರ ಜೊತೆಗೆ ಬನ್ಸು ತಿನ್ನುತ್ತ ಅವನು ಹೇಳಿದ್ದೂ ನೆನಪಾಯಿತು. ನನಗೆ ಅರ್ಥವೇ ಆಗುವುದಿಲ್ಲವಲ್ಲ, ನಾನು ಎಂತ ಹೇಳುವುದು ಎಂದುಕೊಂಡೆ.

“ನನಗೆ ಅಷ್ಟು ಗೊತ್ತಿಲ್ಲ” ಎಂದೆ.

ಅವರು ಮುಖ ಮುಖ ನೋಡಿಕೊಂಡರು. ಚಾ ಅರ್ಧ ಬಿಟ್ಟು ಎದ್ದರು. ನಾನು ಒಳಗೆ ಹೋಗಿ ಹಿಟ್ಟು ನಾದಿದೆ. ಹಿಂದೆಯೇ ಓಡಿ ಹೋಗಿ ಕರೆಯಬಹುದಿತ್ತು. ಅವರ ಜೀಪು ತಿರುಗಿಸಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟು ಸಮಯವೂ ಇತ್ತು.

ವಾರ ಕಳೆದು ಮಧ್ಯಸ್ಥಿಕೆಯವರು ‘ಅವರು ಮನಸ್ಸು ಮಾಡಲಿಲ್ಲ’ ಎಂದು ಅಮ್ಮನಿಗೆ ತಿಳಿಸಿದರು. ಅದೇ ಸಂಜೆ ತಮ್ಮ ನನಗೆ ಫೋನ್ ಮಾಡಿದ.

“ಅಕ್ಕ, ಹೋಟೆಲಿಗೆ ಯಾರಾದ್ರೂ ವಿಚಾರಿಸ್ಲಿಕ್ಕೆ ಬಂದಿದ್ರಾ?”

“ಹಲೋ? ಹಲೋ? ರೇಂಜ್ ಇಲ್ಲ ಮಾರಾಯ, ಕೇಳುದಿಲ್ಲ” ಎಂದು ಕಟ್ ಮಾಡಿದೆ. ನಮ್ಮ ಗುಡ್ಡದ ಊರಿನಲ್ಲಿ ಎಲ್ಲರೂ ಹೇಳುವ ಸುಳ್ಳು ಅದು, ಯಾರೂ ಸಂಶಯಪಡುವುದಿಲ್ಲ.

ಅವನು ಮತ್ತೆ ಕೇಳಲಿಲ್ಲ. ಅಮ್ಮನ ಹತ್ತಿರ ಮಾತ್ರ, “ನನ್ನ ಕೆಲಸವೇ ಹಾಗೆ ಅಮ್ಮ, ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ಅವರದ್ದು ತಪ್ಪಿಲ್ಲ” ಎಂದನಂತೆ. ಆಮೇಲೆ ಎಷ್ಟು ಸಂಬಂಧ ಬಂದರೂ ಬೇಡ ಎಂದ. ಆ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು.

ಈಗ ಅವನು ಇಪ್ಪತ್ತು ವರ್ಷ ಮುಗಿಸಿ ಊರಿಗೆ ಬಂದಿದ್ದಾನೆ. ಪುತ್ತೂರಿನ ಒಂದು ಕಾಲೇಜಿನಲ್ಲಿ ಜನರೇಟರು, ವಯರಿಂಗು ನೋಡಿಕೊಳ್ಳುತ್ತಾನೆ. ಆದಿತ್ಯವಾರ ನನ್ನ ಅಡುಗೆ ಕೋಣೆಯಲ್ಲಿ ಕೂತು ತೆಂಗಿನಕಾಯಿ ತುರಿದು ಕೊಡುತ್ತಾನೆ. ಕಳೆದ ಮಳೆಗಾಲದಲ್ಲಿ ಹೋಟೆಲಿಗೆ ಬರುವ ಪೇಪರಿನಲ್ಲಿ ಒಂದು ವಿಮಾನದ ಚಿತ್ರ ಬಂತು. ಕೆಳಗಿದ್ದದ್ದನ್ನು ಕೂಡಿಸಿ ಕೂಡಿಸಿ ಓದಿದೆ. ಆ ವಿಮಾನ ಬಾಂಬು ಹಾಕುವುದಿಲ್ಲ. ದೂರದಲ್ಲಿ ಸುತ್ತುತ್ತ ಶತ್ರುಗಳ ರಾಡಾರ್ ಕೆಡಿಸುತ್ತದೆ, ಅವರ ವಯರ್‌ಲೆಸ್ ಮಾತು ಒಬ್ಬರಿಂದೊಬ್ಬರಿಗೆ ತಲುಪದಂತೆ ಮಾಡುತ್ತದೆ. ಒಳಗೆ ಸಾಲಾಗಿ ಕೂತು ಕೆಲಸ ಮಾಡುವವರು ಇರುತ್ತಾರೆ ಎಂದೂ ಇತ್ತು.

ಆ ಆದಿತ್ಯವಾರ ಅವನ ಮುಂದೆ ಪೇಪರ್ ಇಟ್ಟೆ. “ಇದಾ ನಿನ್ನ ಕೆಲಸ?”

ಅವನು ತುಂಬಾ ಹೊತ್ತು ನೋಡಿದ. “ಪೇಪರಲ್ಲಿ ಬಂದಷ್ಟು ಹೇಳ್ಬಹುದು. ಜಾಸ್ತಿ ಕೇಳ್ಬೇಡ.” ಎದ್ದು ಹೋಗಿ ಕಿಟಕಿಯಲ್ಲಿದ್ದ ನನ್ನ ರೇಡಿಯೊ ಹಾಕಿದ. ವಾರ್ತೆ ಬರುತ್ತಿತ್ತು. ಆಮೇಲೆ ಚಟ್ನಿಯ ಮಿಕ್ಸಿ ತಿರುಗಿಸಿದ. ರೇಡಿಯೊದಲ್ಲಿ ವಾರ್ತೆ ಹೋಗಿ ಬರೀ ಗರ್ ಎಂದು ಕೇಳಿತು. ಮಿಕ್ಸಿ ನಿಲ್ಲಿಸಿದ, ವಾರ್ತೆ ಮತ್ತೆ ಬಂತು.

“ರೇಡಿಯೊ ಹಾಳಾಗ್ಲಿಲ್ಲ, ಸ್ಟೇಷನ್ನೂ ನಿಲ್ಲಲಿಲ್ಲ. ಅವರು ಮಾತಾಡುದು ಉಂಟು, ನಿನಗೆ ಕೇಳುದಿಲ್ಲ, ಅಷ್ಟೆ. ಹಿಂದೆ ಕೂತು ನಾನು ಮಾಡಿದ್ದು ಇದನ್ನೇ. ಮಿಕ್ಸಿ ತಿರುಗಿಸುದು.”

“ಇಷ್ಟೆಯಾ?”

“ಅವರ ಸ್ಟೇಷನ್ ಯಾವುದು ಅಂತ ಮೊದಲು ಹುಡುಕ್ಬೇಕು. ಗಂಟೆಗಟ್ಟಲೆ ಕಿವಿ ಕೊಟ್ಟು ಕೂರ್ಬೇಕು.”

“ನನಗೆ ಅರ್ಥ ಆಯ್ತಲ್ಲ? ಆಗಲೇ ಯಾಕೆ ಹೇಳ್ಲಿಲ್ಲ?”

“ಹೇಳುವ ಹಾಗಿರ್ಲಿಲ್ಲ. ಹೇಳುವ ಹಾಗಿಲ್ಲ ಅಂದಿದ್ರೆ ನೀನು ಬಿಡ್ತಿದ್ದೆಯಾ? ಇನ್ನೂ ಹತ್ತು ಪ್ರಶ್ನೆ ಕೇಳ್ತಿದ್ದೆ. ಅದಕ್ಕೆ ಅರ್ಥ ಆಗುದಿಲ್ಲ ಅಂದದ್ದು.” ತುರಿದ ಕಾಯಿಯನ್ನು ಬಟ್ಟಲಿಗೆ ಹಾಕುತ್ತ ಹೇಳಿದ, “ಕಡಬದವರಿಗೆ ಇಷ್ಟಾದ್ರೂ ಹೇಳ್ಲಿಕ್ಕೆ ಆಗಿದ್ರೆ ಅಂತ ಈಗಲೂ ಅನಿಸ್ತದೆ.”

ನಾನು ದೋಸೆ ಕಾವಲಿಗೆ ಎಣ್ಣೆ ಸವರಿದೆ. ಅವನೇ ಮುಂದುವರಿಸಿದ. “ಒಂದು ಕೇಳ್ತೇನೆ. ಆ ದಿವಸ ರೇಂಜ್ ಇಲ್ಲ ಅಂತ ಫೋನ್ ಇಟ್ಟೆಯಲ್ಲ? ರೇಂಜ್ ಹೋಗುವಾಗ ಸ್ವರ ಮೊದಲು ತುಂಡು ತುಂಡಾಗ್ತದೆ. ನಿನ್ನದು ಸ್ವಚ್ಛ ಇತ್ತು. ನನ್ನ ಕೆಲಸವೇ ಅದಲ್ವಾ ಅಕ್ಕ.”

ಅಷ್ಟರಲ್ಲಿ ಹೊರಗಿನಿಂದ ಗಂಡ ಎರಡು ಪ್ಲೇಟ್ ದೋಸೆ ಕೂಗಿದರು. ನಾನು ಅದನ್ನೇ ನೆಪ ಮಾಡಿಕೊಂಡೆ. ಆಮೇಲಿನ ಮೂರು ಆದಿತ್ಯವಾರವೂ ಏನಾದರೊಂದು ನೆಪ ಸಿಕ್ಕಿತು. ಅವನೂ ಒತ್ತಾಯ ಮಾಡಲಿಲ್ಲ.

ನಾಲ್ಕನೆಯ ಆದಿತ್ಯವಾರ ಚಟ್ನಿಗೆ ಕಾಯಿ ಹಾಕಿ ಮಿಕ್ಸಿ ತಿರುಗಿಸಿದೆ. ಅವನು ಬಾಗಿಲ ಹತ್ತಿರ ಕೂತಿದ್ದ. ಆ ಗದ್ದಲದಲ್ಲಿ ನನಗೆ ಧೈರ್ಯ ಬಂದು ಎಲ್ಲವನ್ನೂ ಹೇಳಿದೆ. ಅವನು ಕಿವಿಗೆ ಕೈ ಇಟ್ಟು, “ಎಂತ?” ಎಂದ. ಅವನಿಗೆ ಕೇಳಿರಲಿಲ್ಲ. ಕೇಳದಿರಲಿ ಎಂದೇ ನಾನು ಆ ಹೊತ್ತು ಆರಿಸಿದ್ದು ಎಂದು ಆಗ ಗೊತ್ತಾಯಿತು.

ಮಿಕ್ಸಿಯ ಸ್ವಿಚ್ ಆಫ್ ಮಾಡಿದೆ. ಕಿಟಕಿಯಲ್ಲಿ ಹಾಡುತ್ತಿದ್ದ ರೇಡಿಯೊವನ್ನೂ ನಿಲ್ಲಿಸಿದೆ.

“ಕಡಬದವರು ಬಂದಿದ್ರು. ನೀನು ಹೇಗೆ ಅಂತ ನನ್ನ ಹತ್ರವೇ ಕೇಳಿದ್ರು. ಅಕ್ಕ ಅಂತ ಹೇಳದೆ, ಗೊತ್ತಿಲ್ಲ ಅಂದುಬಿಟ್ಟೆ. ತಪ್ಪಿದ್ದು ನಿನ್ನ ಕೆಲಸದಿಂದ ಅಲ್ಲ, ನನ್ನಿಂದ. ನನ್ನದು ತಪ್ಪಾಯ್ತು ತಮ್ಮ.”