ಯಾರಿಗಾದರೂ ಹೊಳೆಯುತ್ತಿತ್ತು

"ಕದ್ದವನು ಹೊರಗಿನವನಾಗಿದ್ದರೆ ಬಿಟ್ಟುಬಿಡ್ತಿದ್ದೆ ಅಕ್ಕ. ಇವನು ನನ್ನ ಮೈದುನ. ನನ್ನ ಅಡುಗೆಮನೇಲಿ ಕೂತು, ನಾನು ಬಡಿಸಿದ್ದು ತಿಂದು, 'ಅದು ಹೇಗೆ ಮಾಡಿದ್ರಿ ಅತ್ತಿಗೆ, ಇನ್ನೊಂದ್ಸಲ ಹೇಳಿ' ಅಂದ. ಮನೆಯವನೇ ಅಲ್ವಾ ಅಂತ ನಾನೂ ಬಾಯಿಬಿಟ್ಟೆ. ದವಡೆ ಎಕ್ಸ್‌ರೇ ಒಂದು ಕಡೆ, ಬಾಯೊಳಗಿನ ಕ್ಯಾಮೆರಾ ಚಿತ್ರ ಇನ್ನೊಂದು ಕಡೆ ಇರುತ್ತೆ. ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಒಸಡಿನ ಕೆಳಗೆ ಮೂಳೆ ಎಲ್ಲಿ ಸವೆದಿದೆ ಅಂತ ಕಾಣುತ್ತೆ ಅಂದೆ. ಚಿತ್ರ ತೆಗೆಯುವಾಗ ರೋಗಿ ಹಲ್ಲಲ್ಲಿ ಕಚ್ಚಿಹಿಡಿಯೋ ಪ್ಲಾಸ್ಟಿಕ್ ತುಂಡಿಗೆ ಸಾಸಿವೆಯಷ್ಟು ಉಕ್ಕಿನ ಗುಂಡು ಅಂಟಿಸಿ, ಎರಡು ಚಿತ್ರದಲ್ಲೂ ಬೀಳೋ ಆ ಗುಂಡನ್ನೇ ಗುರುತಾಗಿಟ್ಟುಕೊಂಡು ಜೋಡಿಸೋದನ್ನೂ ತೋರಿಸಿಕೊಟ್ಟೆ. ಈಗ ನೋಡಿದ್ರೆ ಪೇಟೆಂಟ್ ಅವನ ಹೆಸರಲ್ಲಿ. ಅವನ ಹೊಟ್ಟೆ ಉರಿಸದೆ ನಾನು ಕಣ್ಣು ಮುಚ್ಚಲ್ಲ."

ಹೀಗೆಂದವಳು ನನ್ನ ತಂಗಿ. ಹಲ್ಲಿನ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲೇ ಕೂದಲು ನರೆತವಳು. ಮೈದುನ ಅಂಥ ಯಂತ್ರಗಳನ್ನು ಮಾರುವವನು, ಬೆಣ್ಣೆಯಂಥ ಮಾತಿನವನು.

ಅವಳ ವಕೀಲೆ ಮುಚ್ಚುಮರೆ ಮಾಡಲಿಲ್ಲ. "ಕದ್ದ ಅನ್ನೋದಕ್ಕೆ ಸಾಕ್ಷಿ ಇಲ್ಲಮ್ಮ. ಹಳೇ ಯಂತ್ರಗಳನ್ನು ಹೀಗೆ ಜೋಡಿಸೋದು ಆ ಕೆಲಸ ಬಲ್ಲ ಯಾರಿಗಾದರೂ ಹೊಳೆಯೋ ವಿಷಯ ಅಂತ ತೋರಿಸಿದರೆ ಮಾತ್ರ ಪೇಟೆಂಟ್ ಬಿದ್ದುಹೋಗುತ್ತೆ. ಆಮೇಲೆ ಅದು ನಿಮ್ಮದು ಅಂತಲೂ ಹೇಳೋ ಹಾಗಿಲ್ಲ."

"ನನ್ನದಾಗೋದು ಬೇಡ. ಅವನದಾಗಬಾರದು, ಅಷ್ಟೆ."

ಪೇಟೆಂಟ್ ಕಚೇರಿಯಲ್ಲಿ ಆಕ್ಷೇಪಣೆ ಹಾಕಿ ಸೋತಳು. ಮೈದುನ ಫೋನ್ ಮಾಡಿ, "ವಯಸ್ಸಾಯ್ತು ಅತ್ತಿಗೆ, ಇನ್ನು ಆರಾಮಾಗಿರಿ" ಎಂದನಂತೆ. ಮಾರನೆಯ ದಿನವೇ ಮೇಲ್ಮನವಿ ಹಾಕಿಸಿದಳು.

ವಿಚಾರಣೆಯ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಮೈದುನನ ವಕೀಲರು ಆ ಉಪಾಯವನ್ನು ಹೊಗಳಿದ್ದೇ ಹೊಗಳಿದ್ದು. ಇಂಥದ್ದನ್ನು ಯೋಚಿಸಿದ ತಲೆ ಸಾಮಾನ್ಯದ್ದಲ್ಲ ಎಂದರು. ತಂಗಿಯ ಕಿವಿ ಕೆಂಪಾಯಿತು. ಅವಳ ತಲೆಯನ್ನು ಅಷ್ಟು ಬಾಯಿತುಂಬ ಹೊಗಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹೊಗಳಿಕೆ ಸಂದದ್ದು ಮಾತ್ರ ಅವನಿಗೆ.

ಆಮೇಲೆ ಅವಳನ್ನು ಕರೆದರು. ಅದೇ ವಕೀಲರು, "ಅಷ್ಟು ಸುಲಭವಾಗಿದ್ದರೆ ಇಷ್ಟು ವರ್ಷ ಯಾಕೆ ಯಾರೂ ಮಾಡಲಿಲ್ಲ?" ಎಂದು ಕೇಳಿದರು.

"ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ ಸ್ವಾಮಿ. ಎರಡು ಯಂತ್ರವೂ ಒಂದೇ ಕೋಣೇಲಿದ್ವು. ಗುಂಡು ಅಂಟಿಸೋದು ಮೂಳೆ ಡಾಕ್ಟರುಗಳ ಹಳೇ ಅಭ್ಯಾಸ. ಜೋಡಿಸೋದಕ್ಕೆ ದೊಡ್ಡ ತಲೆ ಏನೂ ಬೇಕಿಲ್ಲ." ಮೈದುನನ ಮುಖ ನೋಡಿಕೊಂಡೇ ಮುಂದುವರಿಸಿದಳು. "ಇವರಿಗೂ ಹೊಳೆದಿದೆ ಅಂದ್ರೆ ನೀವೇ ಲೆಕ್ಕ ಹಾಕಿ."

ನ್ಯಾಯಾಧೀಶರು ನಗು ತಡೆದುಕೊಂಡರು. ಮೈದುನ ತಡೆದುಕೊಳ್ಳಬೇಕಾದದ್ದು ಬೇರೆ.

ತೀರ್ಪು ಬಂತು, ಪೇಟೆಂಟ್ ರದ್ದಾಯಿತು. ಮೆಟ್ಟಿಲ ಬಳಿ ಅವನು ಅಡ್ಡ ಬಂದ. "ಈಗ ನಿಮಗೂ ಇಲ್ಲ, ನನಗೂ ಇಲ್ಲ. ಏನು ಸಿಕ್ತು ಅತ್ತಿಗೆ?"

"ನಿನ್ನ ಈ ಮುಖ" ಎಂದು ಇಳಿದುಬಂದಳು.

ಮನೆಗೆ ಬಂದ ಮೇಲೆ ನನಗೆ ಕೇಳದೆ ಇರಲಾಗಲಿಲ್ಲ. "ನಿಜವಾಗ್ಲೂ ಯಾರಿಗಾದರೂ ಹೊಳೀತಿತ್ತೇನೆ?"

"ಥೂ, ಯಾರಿಗೆ ಹೊಳೀತಿತ್ತು ಅಕ್ಕ?" ಅಂದಳು. ಸೆರಗು ಸಿಕ್ಕಿಸಿಕೊಂಡು, ಬೆಳಗ್ಗೆ ನೆನೆಹಾಕಿದ್ದ ತಳಹಿಡಿದ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು ಗಸಗಸ ಉಜ್ಜತೊಡಗಿದಳು.