ಅಪ್ಪನ ಪರ್ಶಿ, ನನ್ನ ಪ್ರೊಪೆಲರ್

ಅಪ್ಪನನ್ನು ಮಣ್ಣು ಮಾಡಿದ ಆರನೆಯ ದಿನ ನಾನು ಕೆಲಸಕ್ಕೆ ಹೋದೆ. ಶಹಾಬಾದಿನ ನಮ್ಮ ಮನೆಗೆ ಬಂದವರಿಗೆಲ್ಲ ಒಂದೇ ಕೆಲಸ, ನನ್ನ ಮುಖ ನೋಡುವುದು. "ಅತ್ತುಬಿಡು ಬೇ, ಹಗುರ ಆಗ್ತದ" ಎಂದು ಚಿತ್ತಾಪುರದ ದೊಡ್ಡವ್ವ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು, ನಲ್ಲಿ ತಿರುವಿದರೆ ನೀರು ಬರುತ್ತದೆ ಎನ್ನುವ ಹಾಗೆ. ನನಗೆ ಅಳು ಬಂದಿರಲಿಲ್ಲ. ಸಿಟ್ಟೂ ಇರಲಿಲ್ಲ, ಹಸಿವೂ ಇರಲಿಲ್ಲ. ಕೈಯಲ್ಲಿ ಬೋಲ್ಟು ತಿರುವುವ ಪಾನಾ ಹಿಡಿದರೆ ಅಷ್ಟು ಹೊತ್ತಾದರೂ ಯಾರೂ ನನ್ನನ್ನು ಸತ್ತವನ ಮಗಳು ಎಂದು ನೋಡುವುದಿಲ್ಲ ಎನಿಸಿತ್ತು. ನನಗೆ ಬೇಕಿದ್ದದ್ದು ಅದೊಂದೇ.

ವಾಡಿಯಿಂದಾಚೆ ಒಂದು ಸಣ್ಣ ರನ್‌ವೇ ಇದೆ. ಅಲ್ಲಿ ಎರಡು ಸೀಟಿನ ವಿಮಾನಗಳನ್ನು ರಿಪೇರಿ ಮಾಡುವ ಕೆಲಸ ನನ್ನದು. ನಮ್ಮ ಹಿರಿಯ ಇಂಜಿನಿಯರರು ಸೇಡಂ ಕಡೆಯವರು, ತಲೆನೋವು ಎಂದರೂ ಕೆಲಸ ಕಸಿದುಕೊಂಡು ಮನೆಗೆ ಅಟ್ಟುವ ಮನುಷ್ಯ. ಅದಕ್ಕೇ ಒಳಗೆ ಕಾಲಿಡುವಾಗಲೇ "ಅರಾಮ ಇದ್ದೀನ್ರಿ" ಎಂದುಬಿಟ್ಟೆ.

"ಯಾರು ಕೇಳಲಿಕತ್ತಾರ ನಿನಗ?" ಎಂದರು ಅವರು.

ಅವತ್ತು ಹೊಸ ಪ್ರೊಪೆಲರಿಗೆ ಪಿಚ್ ಹೊಂದಿಸಬೇಕಿತ್ತು. ಬ್ಲೇಡು ಎಷ್ಟು ಓರೆಯಾಗಿ ಗಾಳಿಯನ್ನು ಕತ್ತರಿಸಬೇಕು ಎನ್ನುವುದೇ ಪಿಚ್. ಓರೆ ಹೆಚ್ಚಾದರೆ ಇಂಜಿನ್ ಏದುಸಿರು ಬಿಡುತ್ತದೆ, ಬೇಕಾದಷ್ಟು ಸುತ್ತು ತಿರುಗುವುದಿಲ್ಲ. ನಮ್ಮ ಗಿಡ್ಡ ರನ್‌ವೇ ಮುಗಿದು ತೊಗರಿ ಹೊಲ ಬಂದರೂ ವಿಮಾನ ಮೇಲೇಳುವುದಿಲ್ಲ. ಬ್ಲೇಡುಗಳನ್ನು ಹಿಡಿದಿಡುವ ನಡುವಿನ ಹಬ್‌ನ ಬೋಲ್ಟು ಸಡಿಲಿಸಿ, ಒಂದೊಂದೇ ಬ್ಲೇಡನ್ನು ಅಡ್ಡಕ್ಕೆ ತಂದು, ಗುರುತಿನ ಜಾಗದಲ್ಲಿ ಕೋನ ತೋರಿಸುವ ಗೇಜ್ ಇಟ್ಟು, ಕೂದಲೆಳೆಯಷ್ಟು ತಿರುವಿ, ಮೂರನ್ನೂ ಒಂದೇ ಡಿಗ್ರಿಗೆ ತಂದೆ. ಬೋಲ್ಟು ಬಿಗಿದು ಮತ್ತೆ ಅಳೆದೆ. ಮೂರೂ ಒಂದೇ. ಇಷ್ಟು ಚೊಕ್ಕ ಕೆಲಸ ಮಾಡಿದವಳು ಸರಿಯಾಗಿಯೇ ಇದ್ದಾಳೆ ಎಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡೆ.

ವಿಮಾನವನ್ನು ಹೊರಗೆ ತಳ್ಳಿ, ಗಾಲಿಗೆ ಅಡ್ಡ ಕೊಟ್ಟು, ಇಂಜಿನಿಯರರು ಇಂಜಿನ್ ಓಡಿಸಿ ನೋಡಿದರು. ಒಂದಿಷ್ಟೂ ಅದುರಲಿಲ್ಲ. ಆದರೆ ಸುತ್ತು ಮೇಲೇರಲಿಲ್ಲ. ಆರಿಸಿ ಕೆಳಗಿಳಿದರು.

"ಗೇಜ್ ಮೊದಲ ಹಬ್ ಮ್ಯಾಲ ಇಟ್ಟು ಜೀರೋ ಮಾಡಿದ್ದೇನು?"

ಮಾಡಿರಲಿಲ್ಲ. ವಿಮಾನ ನಿಂತ ನೆಲ ಎತ್ತ ವಾಲಿದ್ದರೂ ಅಳತೆ ತಪ್ಪದಿರಲಿ ಎಂದು ಎಲ್ಲಕ್ಕೂ ಮೊದಲು ಮಾಡುವ ಕೆಲಸ ಅದು.

"ಇಲ್ರಿ. ನೆಲ ಲೆವೆಲ್ ಅದ ಅಲ್ರಿ. ನಮ್ಮಪ್ಪ ಹಾಸಿದ್ದು."

ವಿಮಾನ ನಿಲ್ಲಿಸುವ ಆ ಹ್ಯಾಂಗರಿನ ನೆಲಕ್ಕೆ ಶಹಾಬಾದ್ ಪರ್ಶಿಕಲ್ಲು ಹಾಸಿದ್ದು ಅಪ್ಪನೇ. ಅವನು ಹಾಸಿದ ಕಲ್ಲು ಒಂದು ನೂಲೂ ಏರುಪೇರಾಗದು ಎಂದು ಜನ ಹೇಳುತ್ತಿದ್ದರು, ನಾನೂ ನಂಬಿದ್ದೆ. ಇಂಜಿನಿಯರರು ಒಳಗೆ ಹೋಗಿ ಗೇಜನ್ನು ಪರ್ಶಿಯ ಮೇಲಿಟ್ಟರು. ಬಾಗಿಲ ಕಡೆಗೆ ಒಂದು ಡಿಗ್ರಿ ಇಳಿಜಾರು. ನನ್ನ ಮೂರೂ ಬ್ಲೇಡು ಅಷ್ಟೇ ಡಿಗ್ರಿ ಹೆಚ್ಚು ಓರೆಯಾಗಿ ಕೂತಿದ್ದವು.

"ನೀರು ಹೊರಗ ಹೋಗ್ಲಿ ಅಂತ ಬೇಕಂತಲೇ ವಾಟ ಕೊಟ್ಟಾರ. ಅವರ ಕೆಲಸ ಬರೋಬರಿ ಅದ, ತಂಗೀ. ಪರ್ಶಿಯವರ ಮಗಳಿಗೆ ಇದನ್ನ ನಾ ಹೇಳಬೇಕೇನು?"

ಹೇಳಬೇಕಿರಲಿಲ್ಲ. ಅಪ್ಪ ಹೊಸ ನೆಲದ ಮೇಲೆ ಒಂದು ಕೊಡ ನೀರು ಸುರಿದು, ಅದು ಹೋಗುವ ದಾರಿ ನೋಡುತ್ತ ಕುಕ್ಕರಗಾಲಲ್ಲಿ ಕೂರುತ್ತಿದ್ದುದನ್ನು ಸಣ್ಣವಳಿದ್ದಾಗ ಎಷ್ಟೋ ಸಲ ಕಂಡಿದ್ದೆ. ಗೊತ್ತಿದ್ದದ್ದೆಲ್ಲ ಎಲ್ಲಿಗೋ ಹೋಗಿತ್ತು. ನಾಚಿಕೆಯಾಯಿತು ಎಂದು ಬರೆಯಬಹುದು, ಆದರೆ ಅದೂ ಆಗಲಿಲ್ಲ.

"ಈಗ ಸರಿ ಮಾಡ್ತೀನ್ರಿ" ಎಂದೆ. ಅವರು ಬೇಡವೆನ್ನಲಿಲ್ಲ, ಪಕ್ಕದಲ್ಲೇ ನಿಂತು ನೋಡಿದರು. ಹಬ್ ಮೇಲೆ ಜೀರೋ ಮಾಡಿ ಮೂರೂ ಬ್ಲೇಡು ಮತ್ತೆ ಹೊಂದಿಸಿದೆ. ಈ ಸಲ ಇಂಜಿನ್ ಸುತ್ತು ಎಷ್ಟಿರಬೇಕೋ ಅಷ್ಟಕ್ಕೆ ಬಂತು. ಇನ್ನು ಮನೆಗೆ ಕಳಿಸಲಾರರು ಎಂದುಕೊಂಡು ಸಹಿಗೆ ಪೆನ್ನು ತೆಗೆದೆ. ಅವರು ಲಾಗ್‌ಬುಕ್ಕನ್ನು ತಮ್ಮ ಕಡೆ ಎಳೆದುಕೊಂಡರು.

"ಹದಿನೈದು ದಿನ ಈ ಕಡಿ ಬರಬ್ಯಾಡ."

"ಮನ್ಯಾಗ ಏನ್ ಮಾಡ್ಲಿರಿ ನಾ?"

ಅವರು ನನ್ನ ಕೈಯಿಂದ ಗೇಜ್ ತೆಗೆದುಕೊಂಡು ಡಬ್ಬಿಯಲ್ಲಿಟ್ಟರು.

ಮಧ್ಯಾಹ್ನದ ಬಸ್ಸಿಗೆ ಮನೆಗೆ ಬಂದೆ. "ಯಾಕ ಲಗೂ ಬಂದಿ?" ಎಂದು ದೊಡ್ಡವ್ವ ಬಾಗಿಲಲ್ಲೇ ಕೇಳಿದಳು. ರಜೆ ಎಂದೆ. ಅವ್ವ ಸರಿದು ಪಕ್ಕದಲ್ಲಿ ಜಾಗ ಮಾಡಿದಳು, ಕುಳಿತೆ. ಅಪ್ಪ ಸತ್ತಿದ್ದಾನೆ ಎನ್ನುವುದು ಬಿಟ್ಟರೆ ಆ ಹದಿನೈದು ದಿನ ನನಗೆ ಬೇರೆ ಕೆಲಸವೇ ಇರಲಿಲ್ಲ.