ಕೊಕ್ಕೆಗೆ ಎಟುಕಿದ ಹೂವು

ಇವತ್ತು ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆಗೆದಿದ್ದೇ ತಡ, ಸ್ವೀಟ್ ಪೀ ಹೂವಿನ ಘಮ ಒಳಕ್ಕೆ ನುಗ್ಗಿತು. ಬಟಾಣಿ ಬಳ್ಳಿಯ ಹತ್ತಿರದ ನೆಂಟ ಇದು. ನೇರಳೆ ಹೂವು, ಜೇನಿನದೂ ಕಿತ್ತಳೆ ಹೂವಿನದೂ ಸೇರಿದಂಥ ಪರಿಮಳ. ಚಳಿಗಾಲ ಬಂತೆಂದರೆ ನಮ್ಮ ಕಾಂಪೌಂಡಿನಲ್ಲಿ ಇದರದೇ ದರ್ಬಾರು. ಬಂದವರು ಹೊಗಳುತ್ತಾರೆ, ನಾನು ಬೀಗುತ್ತೇನೆ. ಬೀಜ ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಮಾತು ಮರೆಸುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಹೇಳಿಬಿಡುತ್ತೇನೆ.

ಆಗ ನಾವು ಹಳೇ ವೈಟ್‌ಫೀಲ್ಡಿನಲ್ಲಿ ಬಾಡಿಗೆಗಿದ್ದೆವು, ನಾನು ಮತ್ತು ಅಪ್ಪ. ಅಮ್ಮ ತೀರಿಕೊಂಡಿದ್ದರು. ಪೀಣ್ಯದ ಫ್ಯಾಕ್ಟರಿಯಲ್ಲಿ ಲೇತ್ ಮುಂದೆ ನಿಂತೇ ವಯಸ್ಸು ಕಳೆದಿದ್ದ ಅಪ್ಪನಿಗೆ ನಿವೃತ್ತಿಯ ಮೇಲೆ ಹೊತ್ತೇ ಹೋಗುತ್ತಿರಲಿಲ್ಲ. ಅವರು ಹಿಡಿದ ದಾರಿ ನಿಮಗೂ ಗೊತ್ತಿರುವುದೇ. ನಿಮ್ಮ ಬೀದಿಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಮಂಕಿ ಟೋಪಿ, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಕೊಕ್ಕೆ. ವಾಕಿಂಗ್ ನೆಪದಲ್ಲಿ ಕಂಡವರ ಮನೆಯ ಹೂವೆಲ್ಲ ಸ್ವಂತ ದೇವರ ಪಾಲು. ಅಪ್ಪನ ಕೊಕ್ಕೆಯಂತೂ ಕಬ್ಬಿಣದ ಕಡ್ಡಿಯನ್ನು ಕಾಯಿಸಿ, ಬಗ್ಗಿಸಿ, ಅರದಲ್ಲಿ ಉಜ್ಜಿ ನುಣುಪು ಮಾಡಿದ್ದು. ಕೆಲಸದಲ್ಲಿ ಕೊರತೆ ಹೇಳುವಂತಿರಲಿಲ್ಲ.

“ದೇವ್ರಿಗೆ ತಾನೆ? ಕದ್ದಂಗಾಗಲ್ಲ ಕಣಮ್ಮ,” ಎನ್ನುತ್ತಿದ್ದರು. ನನಗೋ, ಆಫೀಸಿನ ಕ್ಯಾಬ್ ಹತ್ತುವಾಗ ಯಾರಾದರೂ ದಿಟ್ಟಿಸಿದರೆ ಸಾಕು, ಹೂವಿನ ವಿಷಯವೇ ಇರಬೇಕೆಂದು ತಲೆ ತಗ್ಗುತ್ತಿತ್ತು.

ಬೀದಿಯ ಮೂಲೆಯ ಹಳೇ ಬಂಗಲೆಯಲ್ಲಿ ಐರಿನ್ ಆಂಟಿ ಒಬ್ಬರೇ ಇದ್ದರು. ಅವರಮ್ಮನ ಕಾಲದಿಂದ ವರ್ಷವರ್ಷವೂ ಬೀಜ ಎತ್ತಿಟ್ಟು ಬೆಳೆಸಿದ ಸ್ವೀಟ್ ಪೀ ಬಳ್ಳಿ ಹಬ್ಬಲು ಕಟ್ಟಿದ ಬಲೆ ಹಿಡಿದು ಗೋಡೆಯಾಚೆಗೆ ಇಣುಕುತ್ತಿತ್ತು. ಅಪ್ಪ ಬಿಡುತ್ತಾರೆಯೇ? ದಾಸವಾಳ ಕದ್ದರೆ ಯಾರಿಗೂ ತಿಳಿಯುವುದಿಲ್ಲ. ಈ ಹೂವು ಹಾಗಲ್ಲ, ನಮ್ಮ ದೇವರ ಗೂಡಿನಲ್ಲಿ ಕೂತು ಬೀದಿಗೆಲ್ಲ ಸುದ್ದಿ ಮುಟ್ಟಿಸಿತು.

ಒಂದು ಭಾನುವಾರ ಐರಿನ್ ಆಂಟಿ ನಮ್ಮ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಕುರ್ಚಿಯಲ್ಲಿ ಕೂತಿದ್ದವರು ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿದರು. ಮಹಡಿಯಿಂದ ಓನರ್ ಹೆಂಗಸು ಬಗ್ಗಿ ನೋಡುತ್ತಿದ್ದಳು. ನನ್ನ ಮೈಯೆಲ್ಲ ಹಿಡಿಯಷ್ಟಾಯಿತು. ಆಂಟಿ ಬಾಯಿ ತೆರೆಯುವವರೆಗೂ ಕಾಯಲಿಲ್ಲ.

“ತಪ್ಪಾಯ್ತು ಆಂಟಿ. ನಮ್ಮಪ್ಪನಿಗೆ ನಾನು ಬುದ್ಧಿ ಹೇಳ್ತೀನಿ,” ಅಂದೆ.

ಪೇಪರು ಒಮ್ಮೆ ಅಲುಗಿತು.

“ಅಯ್ಯೋ, ಜಗಳಕ್ಕೆ ಬಂದಿಲ್ಲಮ್ಮಾ,” ಅಂದರು ಆಂಟಿ. “ನಿಮ್ ಡ್ಯಾಡಿ ಮೇಲಿನ ಹೂ ಮಾತ್ರ ಕೀಳ್ತಾರೆ. ಕೆಳಗಿಂದೂ ಕೀಳ್ಬೇಕು. ಬಿಟ್ರೆ ಕಾಯಿ ಕಟ್ಟತ್ತೆ, ಆಮೇಲೆ ಬಳ್ಳಿ ಹೂ ಬಿಡೋದೇ ನಿಲ್ಸತ್ತೆ. ನನಗೆ ಬಗ್ಗಕ್ಕಾಗಲ್ಲ.” ಆಮೇಲೆ ಪೇಪರಿನತ್ತ ತಿರುಗಿದರು. “ ಗೇಟ್ ತೆಗೆದಿಟ್ಟಿರ್ತೀನಿ ಅಂಕಲ್, ಒಳಗೇ ಬನ್ನಿ.”

ಅಪ್ಪ ಹೋಗಲಿಲ್ಲ. ಮರುದಿನವೂ ಇಲ್ಲ, ಆಮೇಲೂ ಇಲ್ಲ. ಕೊಕ್ಕೆ ಅಟ್ಟ ಸೇರಿತು, ವಾಕಿಂಗ್ ಬೇರೆ ರಸ್ತೆಗೆ ತಿರುಗಿತು.

“ಹೋಗಪ್ಪ, ಅವರೇ ಕರೆದಿದ್ದಾರಲ್ಲ,” ಅಂದೆ.

“ಬುದ್ಧಿ ಬಂತಲ್ಲಮ್ಮ,” ಅಂದರು. ದನಿಯಲ್ಲಿ ಕೋಪವೂ ಇರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಆ ವರ್ಷ ಆಂಟಿಯ ಬಳ್ಳಿ ಬೇಗ ಕಾಯಿ ಕಟ್ಟಿ ಒಣಗಿತು. ನಾವು ಆನೇಕಲ್ ಕಡೆ ಸ್ವಂತ ಮನೆಗೆ ಹೊರಟಾಗ ಆಂಟಿ ಒಂದು ಪೊಟ್ಟಣ ಬೀಜ ಕೈಗಿಟ್ಟರು. “ಬಟಾಣಿ ಅಂತ ಸಾರಿಗೆ ಹಾಕ್ಬೇಡಮ್ಮಾ, ಹೊಟ್ಟೆಗೆ ಆಗಲ್ಲ. ಡ್ಯಾಡಿ ಯಾಕೆ ಬರ್ಲೇ ಇಲ್ಲ?” ಮಂಡಿ ನೋವು ಅಂದೆ.

ಅಂದಿನಿಂದ ಪ್ರತಿ ಚಳಿಗಾಲಕ್ಕೂ ಬೀಜ ನೆನೆಸಿ ಊರುತ್ತೇನೆ. ಅಪ್ಪ ನೀರು ಹಾಕುತ್ತಾರೆ, ಬಲೆ ಕಟ್ಟುತ್ತಾರೆ, ಹೂವು ಮಾತ್ರ ಮುಟ್ಟುವುದಿಲ್ಲ. ಪೂಜೆಗೆ ಅಂಗಡಿಯ ಸೇವಂತಿಗೆಯೇ ಆಗಬೇಕು. ಕ್ಷಮಿಸಪ್ಪ ಎನ್ನಬೇಕೆಂದು ಎಷ್ಟೋ ಸಲ ಹತ್ತಿರ ಹೋಗಿ, “ಕಾಫಿ ಕುಡೀತೀಯಾ?” ಎಂದು ಕೇಳಿ ವಾಪಸು ಬಂದಿದ್ದೇನೆ.

ಇವತ್ತು ಬಾಗಿಲು ತೆಗೆದೆ ಅಂದೆನಲ್ಲ. ಮಂಜಿನಲ್ಲಿ ನಮ್ಮ ಗೋಡೆಯಾಚೆ ಮಂಕಿ ಟೋಪಿಯೊಂದು ಅಲ್ಲಾಡುತ್ತಿತ್ತು. ಯಾರೆಂದು ಗದರಿಸಬೇಕು, ಅಷ್ಟರಲ್ಲಿ ಗೋಡೆಯ ಮೇಲಿಂದ ನುಣುಪಾದ ಆ ಕೊಕ್ಕೆ ಇಳಿಯಿತು. ಅಪ್ಪ. ಸ್ವಂತ ಮನೆಯ ಹೂವಿಗೆ ಗೇಟು ದಾಟಿ ರಸ್ತೆಯಲ್ಲಿ ನಿಂತಿದ್ದಾರೆ. ಅತ್ತ ಇತ್ತ ನೋಡಿ, ಒಂದೊಂದೇ ಹೂವನ್ನು ಬಳ್ಳಿಗೆ ನೋವಾಗದಂತೆ ಎಳೆದು ಕವರಿಗೆ ಹಾಕಿಕೊಳ್ಳುತ್ತಿದ್ದಾರೆ.

ಹಾಲನ್ನು ಅಲ್ಲೇ ಬಿಟ್ಟು, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡೆ. ಕಾಫಿ ಯಾಕೆ ತಡ ಎಂದು ಅಪ್ಪ ಕೇಳಿದರೆ, ಈಗ ತಾನೇ ಎದ್ದೆ ಎಂದು ಹೇಳುವುದೆಂದುಕೊಂಡು ಬಾಗಿಲಿಗೆ ಒರಗಿ ನಿಂತೆ.